ಪುಟ್ಟಯ್ಯನ ಪಿಕಪ್ಪು, ಹನ್ನೊಂದು ಕಿಲೋ ಕುಂಬಳಕಾಯಿ

ಚಾಮರಾಜಪೇಟೆಯಲ್ಲಿ ತೆಂಗಿನಕಾಯಿ ಅಂಗಡಿ ಇಟ್ಟಿರುವ ಪುಟ್ಟಯ್ಯ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದುತ್ತ ಹೋದಂತೆ ನಿಮಗೆ ಅನುಮಾನ ಬರಬಹುದು. ಅವನಿಗೇ ಬಂದಿತ್ತು. ದೇವರ ಮುಂದೆ ಒಡೆದ ಕಾಯಿ ಕೆಟ್ಟಿತ್ತೆಂದು ಯಾರಾದರೂ ಮುಖ ಸಪ್ಪಗೆ ಮಾಡಿಕೊಂಡು ಬಂದರೆ ಮರುಮಾತಿಲ್ಲದೆ ಇನ್ನೊಂದು ಕಾಯಿ ಕೊಟ್ಟು, "ಕಾಯಿ ಕೆಟ್ರೆ ಕಷ್ಟ ಕಳೀತು ಅಂತ ಅರ್ಥ" ಎಂದು ಸಮಾಧಾನ ಹೇಳಿ ಕಳಿಸುವ ಜೀವ ಅದು. ಮೂವತ್ತು ವರ್ಷ ಹೀಗೇ ನಡೆದಿತ್ತು.

ಅಂಥವನು ಐವತ್ತೆಂಟನೇ ವಯಸ್ಸಿನಲ್ಲಿ ಒಂದು ಗಾಡಿಯ ಮೇಲೆ ಮನಸ್ಸು ಮಾಡಿದ. ಹೊಸದಲ್ಲ. ಅರವತ್ತರ ದಶಕದ ಜೀಪ್ ಪಿಕಪ್ಪು. ಮುಂದೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ತೆರೆದ ತೊಟ್ಟಿ. ಗುಜರಿಯ ಮೂಲೆಯಲ್ಲಿ ಬಿದ್ದಿದ್ದ ಅದರ ತೊಟ್ಟಿಯಲ್ಲಿ ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಪುಟ್ಟಯ್ಯ ಅದನ್ನು ಎಳೆಸಿಕೊಂಡು ಬಂದ ದಿನ ರಸ್ತೆಯ ಜನ ಬಿಟ್ಟಾರೆಯೇ? "ಎತ್ತು ಯಾವಾಗ ಕಟ್ತೀರಾ?" ಎಂದು ಒಬ್ಬ, "ಹುಲ್ಲು ಅದರಲ್ಲೇ ಇದೆಯಲ್ಲ, ಎತ್ತಿಗೆ ಮೇವಿನ ಚಿಂತೆ ಇಲ್ಲ" ಎಂದು ಇನ್ನೊಬ್ಬ. ಪುಟ್ಟಯ್ಯನೂ ನಕ್ಕ. ಒಳಗೆ ಮಾತ್ರ ಚುಚ್ಚಿತು. ಇದೇ ರಸ್ತೆಯವರ ಕಣ್ಣು ಕುಕ್ಕುವಂತೆ ಮಾಡುತ್ತೇನೆ ಎಂದು ಅಂದೇ ಮನಸ್ಸಿನಲ್ಲಿ ಶಪಥ ಮಾಡಿದ್ದ. ಎಡವಟ್ಟಿನ ಬೀಜ ಬಿದ್ದದ್ದು ಅಲ್ಲೇ.

ಕಲಾಸಿಪಾಳ್ಯದ ಬಸ್ ಸ್ಟ್ಯಾಂಡಿನ ಹಿಂದೆ ಶೀನಣ್ಣನ ಗ್ಯಾರೇಜು. ಹಳೆಯ ಗಾಡಿಗಳ ನಾಡಿ ಹಿಡಿಯುವುದರಲ್ಲಿ ಶೀನಣ್ಣನ ಕೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಪಿಕಪ್ಪಿನ ಸುತ್ತ ಎರಡು ಸುತ್ತು ಬಂದು ಕೇಳಿದ.

"ಮೆರವಣಿಗೆಗಾ, ದುಡಿಯೋಕಾ? ಮೊದ್ಲು ಅದು ಹೇಳಿ."

"ದುಡಿಯೋಕೆ ಶೀನಣ್ಣ. ದಿನಾ ಬೆಳಿಗ್ಗೆ ಮಂಡಿಯಿಂದ ಕಾಯಿ ತರ್ಬೇಕು."

"ಹಂಗಾದ್ರೆ ಒರಿಜಿನಲ್ಲು ಒರಿಜಿನಲ್ಲು ಅಂತ ನನ್ ಪ್ರಾಣ ತಿನ್ಬೇಡಿ. ಶೋಕೇಸಲ್ಲಿ ಇಡೋ ಗಾಡಿ ಬೇರೆ, ಟ್ರಾಫಿಕ್ಕಲ್ಲಿ ನಿಲ್ಲೋ ಗಾಡಿ ಬೇರೆ."

ಹದಿನಾಲ್ಕು ತಿಂಗಳು ಹಿಡಿಯಿತು. ಅಂಗಡಿಗೆ ರಜೆ ಇದ್ದ ಮಂಗಳವಾರಗಳೆಲ್ಲ ಪುಟ್ಟಯ್ಯ ಗ್ಯಾರೇಜಿನಲ್ಲೇ. ಸೀಜ್ ಆಗಿದ್ದ ಹಳೆಯ ಪೆಟ್ರೋಲ್ ಎಂಜಿನ್ ಇಳಿಯಿತು, ಬೇರೆ ಜೀಪಿನ ಡೀಸೆಲ್ ಎಂಜಿನ್ ಏರಿತು, ಅದಕ್ಕೆ ಬೇಕಾದ ಕಾಗದಪತ್ರಕ್ಕೆ ಆರ್‌ಟಿಒ ಕಚೇರಿಯ ಮೆಟ್ಟಿಲು ಸವೆಯಿತು. ಕಾಲಿಡುವ ಜಾಗದ ತಗಡು ತುಕ್ಕು ತಿಂದು ಜರಡಿಯಾಗಿತ್ತು. ಅದನ್ನು ಕತ್ತರಿಸಿ ತೆಗೆದು ಹೊಸ ತಗಡು ಬೆಸೆದರು. ವೈರುಗಳನ್ನೆಲ್ಲ ಕಿತ್ತು ಹೊಸದಾಗಿ ಎಳೆದರು. ಬಣ್ಣ ಯಾವುದು ಎಂಬ ಪ್ರಶ್ನೆಗೆ ಪುಟ್ಟಯ್ಯನ ಹೆಂಡತಿ ಚಿಕ್ಕಮುನಿಯಮ್ಮ, "ಎಳನೀರಿನ ಹಸಿರು" ಎಂದಳು. ಆ ಮನೆಯಲ್ಲಿ ಅವಳ ಮಾತಿನ ಮೇಲೆ ಮಾತಿಲ್ಲ.

ಎಲ್ಲಕ್ಕಿಂತ ಹೆಚ್ಚು ಪುಟ್ಟಯ್ಯ ತಲೆ ಕೆಡಿಸಿಕೊಂಡದ್ದು ಬ್ರೇಕಿನ ಬಗ್ಗೆ. ಗ್ಯಾರೇಜಿನ ಪಕ್ಕದ ಖಾಲಿ ಜಾಗದಲ್ಲಿ ನೆಲದ ಮೇಲೊಂದು ತೆಂಗಿನಕಾಯಿ ಇಟ್ಟು, ದೂರದಿಂದ ಗಾಡಿ ಓಡಿಸಿಕೊಂಡು ಬಂದು ಬ್ರೇಕ್ ಒತ್ತುವುದು ಅವನೇ ಕಂಡುಹಿಡಿದ ಪರೀಕ್ಷೆ. ಮೊದಲ ಸಲ ಕಾಯಿ ಚೂರಾಯಿತು. ಎರಡನೇ ಸಲವೂ ಚೂರಾಯಿತು. ಬ್ರೇಕನ್ನು ಮತ್ತೆ ಬಿಚ್ಚಿ ಕಟ್ಟಿದ ಮೇಲೆ ಮೂರನೇ ಸಲ ಗಾಡಿ ಕಾಯಿಗಿಂತ ಒಂದು ಗೇಣು ಹಿಂದೆಯೇ ನಿಂತಿತು. "ಮಕ್ಕಳು ಮರಿ ಓಡಾಡೋ ರಸ್ತೆ ಶೀನಣ್ಣ. ನನ್ನಿಂದ ಯಾರಿಗೂ ಏನೂ ಆಗ್ಬಾರ್ದು" ಎಂದ. ಮನಸ್ಸಿಟ್ಟೇ ಹೇಳಿದ ಮಾತು ಅದು.

ಗಾಡಿ ರಸ್ತೆಗೆ ಇಳಿದದ್ದು ಆಯುಧಪೂಜೆಯ ದಿನ. ಬಾಳೆಕಂದು, ಸೇವಂತಿಗೆ ಹಾರ, ಚಕ್ರದಡಿ ನಿಂಬೆಹಣ್ಣು, ಏನು ಕೇಳುತ್ತೀರಿ! ನಕ್ಕಿದ್ದವರೆಲ್ಲ ಬಂದು ಸುತ್ತ ನಿಂತು ಫೋಟೋ ಹಿಡಿದರು. ದೃಷ್ಟಿ ತೆಗೆಯಲು ಪುಟ್ಟಯ್ಯ ತಂದಿದ್ದ ಬೂದುಗುಂಬಳಕಾಯಿ ಹನ್ನೊಂದು ಕಿಲೋ. ಅಕ್ಕಪಕ್ಕದ ಅಂಗಡಿಯವರು ನಾಲ್ಕೈದು ಕಿಲೋದಲ್ಲಿ ಮುಗಿಸಿದ್ದರು. ಅದನ್ನು ಗಾಡಿಗೆ ಮೂರು ಸುತ್ತು ನಿವಾಳಿಸಿ, ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ, ಎಲ್ಲರಿಗೂ ಕಾಣಲೆಂದು ನಟ್ಟನಡು ರಸ್ತೆಯಲ್ಲಿ ಅಪ್ಪಳಿಸಿದ. ಕುಂಕುಮ ತುಂಬಿದ ತಿರುಳು ಅಷ್ಟಗಲ ಹರಡಿತು.

"ಓರಕ್ಕೆ ತಳ್ಳಿ ಬನ್ರೀ. ಜನ ಓಡಾಡ್ತಾರೆ" ಎಂದಳು ಚಿಕ್ಕಮುನಿಯಮ್ಮ.

"ದೃಷ್ಟಿ ತೆಗೆದಿದ್ದನ್ನ ಒಡೆದವನೇ ಮುಟ್ತಾನೇನೇ? ತಿರುಗಿ ಕೂಡ ನೋಡ್ಬಾರ್ದು" ಎಂದು ಪುಟ್ಟಯ್ಯ ಒಳಗೆ ಹೋಗಿ ಕಡಲೆಪುರಿ ಹಂಚುತ್ತ ಕುಳಿತ. ಒಂದು ತೆಂಗಿನಕಾಯಿಯ ಮೇಲೆ ಗಾಡಿ ಹತ್ತಬಾರದೆಂದು ಮೂರು ಸಲ ಬ್ರೇಕ್ ನೋಡಿದ ಮನುಷ್ಯ, ಹನ್ನೊಂದು ಕಿಲೋ ಜಾರುವ ತಿರುಳನ್ನು ದಾರಿಯ ಮಧ್ಯೆ ಬಿಟ್ಟು ಪುರಿ ಹಂಚಿದ. ಇಂಥ ಬುದ್ಧಿಗೆ ಏನು ಹೇಳುವುದು.

ಅರ್ಧ ಗಂಟೆಯೂ ಆಗಿರಲಿಲ್ಲ. ಆಂಡಾಳ್ ಮೇಡಂ ಗೊಂಬೆ ಆರತಿಗೆಂದು ಸ್ಕೂಟರಿನಲ್ಲಿ ಹೊರಟವರು ಅದೇ ತಿರುಳಿನ ಮೇಲೆ ಜಾರಿ ಬಿದ್ದರು. ಹಿಂದಿನ ರಸ್ತೆಯಲ್ಲಿ ಮನೆ, ವೈಯಾಲಿಕಾವಲಿನ ಒಂದು ಶಾಲೆಯಲ್ಲಿ ಕನ್ನಡ ಕಲಿಸುವವರು, ಒಂಟಿ ಜೀವ. ಅವರ ದುಂಡಗಿನ ಅಕ್ಷರಕ್ಕೆ ಹೆಸರು ಎಷ್ಟೆಂದರೆ ಅಕ್ಕಪಕ್ಕದ ಮದುವೆ ಮನೆಯ ಹೆಸರಿನ ಬೋರ್ಡನ್ನೂ ಅವರಿಂದಲೇ ಬರೆಸುತ್ತಿದ್ದರು. ಬಿದ್ದದ್ದು ಬಲಗೈ ಊರಿ. ಮಣಿಕಟ್ಟು ಸೊಟ್ಟಗೆ ತಿರುಗಿತ್ತು. ಪುಟ್ಟಯ್ಯ ಓಡಿಬಂದು, ಅವರನ್ನು ಎತ್ತಿ, ಹಾರ ಹಾಕಿದ್ದ ಗಾಡಿಯಲ್ಲೇ ಕೂರಿಸಿಕೊಂಡು ಆಸ್ಪತ್ರೆಗೆ ಹಾರಿಸಿದ. ಬ್ರೇಕು ಬಹಳ ಚೆನ್ನಾಗಿ ಹಿಡಿಯುತ್ತಿತ್ತು.

ಸುತ್ತ ನೆರೆದವರಲ್ಲಿ ಒಬ್ಬ, "ಯಾವ ಮುಠ್ಠಾಳ ನಡುರಸ್ತೇಲಿ ಒಡೆದು ಹೋಗಿದಾನೋ" ಎಂದಿದ್ದ. ಪುಟ್ಟಯ್ಯ ಒಡೆದದ್ದನ್ನು ನೋಡಿದ್ದವರು ಪುರಿ ತಿಂದು ಹೋಗಿದ್ದರು; ಆ ರಸ್ತೆಯಲ್ಲಿ ಅಂದು ಇಪ್ಪತ್ತು ಕುಂಬಳಕಾಯಿ ಒಡೆದು, ತಿರುಳೆಲ್ಲ ಗಾಡಿಗಳ ಚಕ್ರಕ್ಕೆ ಸಿಕ್ಕಿ ಒಂದಕ್ಕೊಂದು ಬೆರೆತಿತ್ತು. ಯಾವುದು ಯಾರದೆಂದು ಕೇಳುವವರಿರಲಿಲ್ಲ. ನಂದೇ ಎನ್ನಲು ಪುಟ್ಟಯ್ಯನ ಬಾಯಿವರೆಗೆ ಬಂತು. ಅಷ್ಟರಲ್ಲಿ ಇನ್ನೊಬ್ಬ, "ಪುಟ್ಟಯ್ಯ ಇದ್ದಿದ್ದಕ್ಕೆ ಆಯ್ತು ಕಣ್ರೀ" ಎಂದ. ಬಂದ ಮಾತು ಒಳಗೇ ಹೋಯಿತು. ಆ ಗಳಿಗೆ ತಪ್ಪಿಸಿಕೊಂಡ ಮೇಲೆ ಮರುದಿನ ಹೇಳುವುದು ಇನ್ನೂ ಕಷ್ಟವಾಯಿತು, ಅದರ ಮರುದಿನ ಇನ್ನೂ.

ಕೈಗೆ ಪ್ಲೇಟು ಹಾಕಿದರು. ಮೊದಲಿನಂತೆ ಬರೆಯುವುದು ಆದರೆ ಆಯಿತು, ಇಲ್ಲದಿದ್ದರೆ ಇಲ್ಲ ಎಂದರು ಡಾಕ್ಟರು. ದಸರಾ ರಜೆ ಮುಗಿದು ಶಾಲೆ ತೆರೆದ ದಿನ ಪುಟ್ಟಯ್ಯ ಅವರ ಮನೆ ಬಾಗಿಲಿಗೆ ಹೋಗಿ, "ದಿನಾ ನಾನೇ ಬಿಡ್ತೀನಿ ಮೇಡಂ" ಎಂದ. ಸ್ಕೂಟರು ಮುಟ್ಟುವಂತಿಲ್ಲ, ಬಸ್ಸಿನ ನೂಕುನುಗ್ಗಲಿಗೆ ಕೈ ತಡೆಯದು. ಅವರು ಬಹಳ ಹೊತ್ತು ಬೇಡವೆಂದು ಕೊನೆಗೆ ಒಪ್ಪಿಕೊಂಡರು. ಹಾಗೆ ದಿನನಿತ್ಯದ ಓಡಾಟಕ್ಕೆಂದು ಕಟ್ಟಿಸಿದ ಗಾಡಿಗೆ ದಿನನಿತ್ಯದ ಓಡಾಟ ಸಿಕ್ಕಿತು: ಸಿರ್ಸಿ ಸರ್ಕಲ್, ಓಕಳಿಪುರ, ಶೇಷಾದ್ರಿಪುರ ಹಾದು ವೈಯಾಲಿಕಾವಲ್. ಸಂಜೆ ಮತ್ತೆ ಅದೇ ದಾರಿ.

ಆ ಮುಕ್ಕಾಲು ಗಂಟೆಯ ದಾರಿ ಅವನಿಗೆ ಶಿಕ್ಷೆಯಾಯಿತು. ಆಂಡಾಳ್ ಮೇಡಂ ಸಾಧು ಹೆಂಗಸು, ಆದರೆ ಕುಂಬಳಕಾಯಿಯ ಮಾತು ಬಂದರೆ ಬೆಂಕಿ.

"ಒಡೆದವನಿಗೆ ಕಣ್ಣಿರ್ಲಿಲ್ವಾ ಪುಟ್ಟಯ್ಯನವರೇ? ಅವನ ಗಾಡಿಗೆ ದೃಷ್ಟಿ ಆಗ್ಬಾರ್ದು, ಬೇರೆಯವರ ಕೈಕಾಲು ಮುರಿದ್ರೆ ಪರವಾಗಿಲ್ಲ. ಎಂಥಾ ಜನ ಇರ್ತಾರೆ."

"ಹೌದು ಮೇಡಂ."

"ನಿಮ್ಮಂಥೋರೂ ಇರ್ತಾರೆ ಅನ್ನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ. ಆ ಗಾದೆಯ ಕಳ್ಳನಿಗೆ ಹೆಗಲು ಮುಟ್ಟಿಕೊಳ್ಳುವಷ್ಟಾದರೂ ನಿಯತ್ತಿತ್ತು. ಪುಟ್ಟಯ್ಯ ಎರಡೂ ಕೈಯಲ್ಲಿ ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ರಸ್ತೆಯನ್ನೇ ನೋಡುತ್ತಿದ್ದ. ಊಟ ಸೇರದಾಯಿತು. ಗಾಡಿ ಒರೆಸುವ ಹುಮ್ಮಸ್ಸು ಹೋಯಿತು. ಯಾರಾದರೂ ನಿಂತು "ಏನ್ ಗಾಡಿ ಗುರು" ಎಂದರೆ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದ. "ಹೇಳ್ಬಿಡ್ರೀ" ಎಂದು ಚಿಕ್ಕಮುನಿಯಮ್ಮ ಮೂರು ಸಲ ಹೇಳಿದಳು. ನಾಲ್ಕನೆಯ ಸಲ ಹೇಳಲಿಲ್ಲ.

ನವೆಂಬರಿನಲ್ಲಿ ಬಡಾವಣೆಯ ಕನ್ನಡ ಸಂಘದ ರಾಜ್ಯೋತ್ಸವ. ಈ ಸಲದ ಸನ್ಮಾನ ಪುಟ್ಟಯ್ಯನಿಗೆ ಎಂದು ಸಂಘದ ಕಾರ್ಯದರ್ಶಿ ಬಸವಪ್ರಭು ಅಂಗಡಿಗೇ ಬಂದು ತಿಳಿಸಿದ. ಬೇಡ ಎಂದಷ್ಟೂ, "ಇದೇ ನೋಡಿ ನಿಮ್ಮ ದೊಡ್ಡ ಗುಣ" ಎಂದ. ಮನೆಯಲ್ಲಿ ಚಿಕ್ಕಮುನಿಯಮ್ಮ ತಿರುವಿ ಹಾಕುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು ಅವನ ಕಡೆ ತಿರುಗಿದಳು.

"ಆ ಪೇಟ ಸುತ್ತಿಸ್ಕೊಂಡು ಈ ಮನೆಗೆ ಬರ್ಬೇಡಿ."

ಕಾರ್ಯಕ್ರಮ ಶನಿವಾರ ಸಂಜೆ. ಅಂದು ಬೆಳಿಗ್ಗೆ ಗಾಡಿಯಲ್ಲಿ ಕುಳಿತ ಆಂಡಾಳ್ ಮೇಡಂ ಚೀಲದಿಂದ ಒಂದು ದಪ್ಪ ಕಾಗದ ತೆಗೆದರು. ಶೇಷಾದ್ರಿಪುರದ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅವನಿಗೆ ಕೊಟ್ಟರು. ಸಂಜೆ ಓದುವ ಮಾನಪತ್ರ.

"ಸಂಘದವರು ಪ್ರಿಂಟ್ ಮಾಡಿಸ್ತೀವಿ ಅಂದ್ರು. ಬೇಡ, ನಾನೇ ಬರೀತೀನಿ ಅಂದೆ. ಎಡಗೈಯಲ್ಲಿ ಎಂಟು ದಿನ ಆಯ್ತು. ಒಂದನೇ ಕ್ಲಾಸ್ ಮಕ್ಕಳು ಬರೆದ ಹಾಗಿದೆ, ಕ್ಷಮಿಸ್ಬೇಕು."

ಅಕ್ಷರಗಳು ಒಂದು ದೊಡ್ಡದು ಒಂದು ಸಣ್ಣದು. ಸಾಲು ಮೇಲೇರಿ ಕೆಳಗಿಳಿದಿತ್ತು. 'ಪರೋಪಕಾರಿ ಶ್ರೀ ಪುಟ್ಟಯ್ಯನವರಿಗೆ' ಎಂಬಲ್ಲಿ ಒತ್ತಕ್ಷರ ಎರಡು ಸಲ ತಿದ್ದಿ ಕಾಗದ ತೂತಾಗುವಂತಾಗಿತ್ತು. ಹಿಂದಿನವರು ಹಾರನ್ ಬಾರಿಸಿದರು. ಪುಟ್ಟಯ್ಯ ಸಿಗ್ನಲ್ ದಾಟಿ, ಮರವೊಂದರ ಕೆಳಗೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿದ.

"ಆ ಕುಂಬಳಕಾಯಿ ಒಡೆದಿದ್ದು ನಾನು ಮೇಡಂ. ಈ ಗಾಡಿಗೇ ಒಡೆದಿದ್ದು. ಓರಕ್ಕೆ ತಳ್ಳಿ ಅಂತ ನಮ್ಮನೆಯವಳು ಹೇಳಿದ್ಲು, ಕೇಳ್ಲಿಲ್ಲ. ನೀವು ಬಿದ್ದಿದ್ದು ಅದ್ರ ಮೇಲೇನೇ. ಗೊತ್ತಿತ್ತು ನಂಗೆ. ಅವತ್ತಿಂದ ಗೊತ್ತಿತ್ತು."

ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು. ಆಮೇಲೆ ಆಂಡಾಳ್ ಮೇಡಂ ಎಡಗೈ ಚಾಚಿದರು.

"ಆ ಕಾಗದ ಇಲ್ಲಿ ಕೊಡಿ."

ಕೊಟ್ಟ. ಅದನ್ನು ಮಡಿಚಿ ಚೀಲದಲ್ಲಿ ಇಟ್ಟುಕೊಂಡರು. "ಓಡ್ಸಿ, ಬೆಲ್ ಆಗುತ್ತೆ" ಎಂದರು. ಶಾಲೆಯ ಗೇಟಿನಲ್ಲಿ ಇಳಿದು, ಬಾಗಿಲು ಹಿಡಿದುಕೊಂಡೇ ಹೇಳಿದರು. "ಮಧ್ಯಾಹ್ನ ನಾನು ಆಟೋದಲ್ಲಿ ಬರ್ತೀನಿ. ಸಂಜೆ ಸನ್ಮಾನಕ್ಕೆ ನೀವು ಬನ್ನಿ. ನನಗೊಬ್ಬಳಿಗೇ ಹೇಳಿ ಮುಗಿಸಿಬಿಡ್ಬೇಡಿ."

ಸಂಜೆ ವೇದಿಕೆಯ ಮೇಲೆ ಪುಟ್ಟಯ್ಯನಿಗೆ ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು. ಮಾನಪತ್ರ ಎಲ್ಲಿ ಎಂದು ಬಸವಪ್ರಭು ಹುಡುಕಾಡುತ್ತಿರುವಾಗ ಪುಟ್ಟಯ್ಯ ತಾನೇ ಮೈಕಿನ ಮುಂದೆ ಹೋಗಿ ನಿಂತ.

"ಅವತ್ತು ರಸ್ತೇಲಿ ಬಿದ್ದಿದ್ದ ಕುಂಬಳಕಾಯಿ ನಂದು. ಒಡೆದಿದ್ದು ನಾನು. ಗೊತ್ತಿದ್ದೂ ಇಷ್ಟು ದಿನ ಮುಚ್ಚಿಟ್ಟೆ. ಈ ಸನ್ಮಾನ ನಂಗೆ ಸಲ್ಲಲ್ಲ."

ಬಸವಪ್ರಭು ಮೈಕಿಗೆ ಬಾಯಿ ಹಾಕಿದ. "ನೋಡಿ ಬಂಧುಗಳೇ, ಇಡೀ ರಸ್ತೆಯ ತಪ್ಪನ್ನ ತಮ್ಮ ತಲೆ ಮೇಲೆ ಹೊತ್ಕೊಳ್ತಿದಾರೆ. ಇದಕ್ಕಿಂತ ದೊಡ್ಡತನ ಬೇಕೇ?" ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು. ಪುಟ್ಟಯ್ಯನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನಿಜ ಹೇಳಿಯೂ ಹೊಗಳಿಸಿಕೊಳ್ಳುವ ಗತಿ ಶತ್ರುವಿಗೂ ಬೇಡ.

ಮೊದಲ ಸಾಲಿನಿಂದ ಆಂಡಾಳ್ ಮೇಡಂ ಎದ್ದು ವೇದಿಕೆ ಹತ್ತಿದರು. ಎಡಗೈಯಲ್ಲಿ ಮೈಕು ತೆಗೆದುಕೊಂಡರು. ತರಗತಿಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದರು.

"ಚಪ್ಪಾಳೆ ನಿಲ್ಸಿ. ಅವರು ಹೇಳಿದ್ದು ನಿಜ. ಬೆಳಿಗ್ಗೆ ನನ್ನ ಹತ್ರ ಹೇಳಿದಾರೆ."

ಚಪ್ಪಾಳೆ ನಿಂತಿತು. ಮುನ್ನೂರು ಜನ ತನ್ನನ್ನೇ ನೋಡುತ್ತಿರುವುದು ಪುಟ್ಟಯ್ಯನಿಗೆ ನೆಲ ನೋಡುತ್ತಲೇ ಗೊತ್ತಾಯಿತು. ಪೇಟ ಬಿಚ್ಚಿ ಕುರ್ಚಿಯ ಮೇಲಿಟ್ಟ, ಶಾಲು ಅದರ ಪಕ್ಕ. ಕೆಳಗಿಳಿದಾಗ ಕೊನೆಯ ಸಾಲಿನಿಂದ ಚಿಕ್ಕಮುನಿಯಮ್ಮ ಎದ್ದು ಬಂದು ಜೊತೆಗೆ ನಡೆದಳು.

ಸೋಮವಾರ ಬೆಳಿಗ್ಗೆ ಹೋಗುವುದೋ ಬೇಡವೋ ಎಂದು ಅಂಗಡಿಯ ಮುಂದೆ ಹತ್ತು ನಿಮಿಷ ನಿಂತಿದ್ದು, ಕೊನೆಗೆ ಗಾಡಿ ತೆಗೆದ. ಆಂಡಾಳ್ ಮೇಡಂ ಗೇಟಿನಲ್ಲೇ ಚೀಲ ಹಿಡಿದು ನಿಂತಿದ್ದರು. ಹತ್ತಿ ಕುಳಿತರು. ಸಿರ್ಸಿ ಸರ್ಕಲ್ ದಾಟಿದ ಮೇಲೆ ಹೇಳಿದರು.

"ಇಷ್ಟು ದಿನ ನೀವು ಉಪಕಾರ ಮಾಡ್ತಿದೀರ ಅಂತ ಸಂಕೋಚದಲ್ಲಿ ಮುದುರಿ ಕೂರ್ತಿದ್ದೆ. ದೇವರ ಹತ್ರ ನಿಮ್ಮ ಹೆಸರು ಹೇಳ್ತಿದ್ದೆ. ಇನ್ನದು ಇಲ್ಲ."

"ಸರಿ ಮೇಡಂ."

"ಕೈ ಸರಿಹೋಗೋ ತನಕ ನೀವೇ ಬಿಡ್ಬೇಕು. ಜನವರಿನೋ, ಮಾರ್ಚೋ, ಗೊತ್ತಿಲ್ಲ."

"ಬಿಡ್ತೀನಿ ಮೇಡಂ."

"ಇವತ್ತು ಹತ್ತು ನಿಮಿಷ ತಡ. ನಾಳೆ ಹೀಗಾಗ್ಬಾರ್ದು."

ಶಾಲೆ ಬಂತು. ದಿನಾ ಇಳಿಯುವಾಗ, "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಎಂದು ಹೇಳಿ ಹೋಗುತ್ತಿದ್ದವರು ಅಂದು ಏನೂ ಹೇಳದೆ ಇಳಿದು ನಡೆದರು. ಪುಟ್ಟಯ್ಯ ಸ್ವಲ್ಪ ಹೊತ್ತು ಗಾಡಿ ತೆಗೆಯಲಿಲ್ಲ. ಆ ಮಾತು ಕೇಳಿದಾಗಲೆಲ್ಲ ಸಾಯುವಷ್ಟು ನಾಚಿಕೆಯಾಗುತ್ತಿತ್ತು, ನಿಜ. ಆದರೆ ನಾಚುತ್ತಲೇ ಪ್ರತಿದಿನ ಅದಕ್ಕಾಗಿ ಕಾಯುತ್ತಲೂ ಇದ್ದೆ ಎಂದು ಅವನಿಗೆ ಈಗ ತಿಳಿಯಿತು. ಅದನ್ನು ಯಾರಿಗೆ ಹೇಳುವುದು? ಗೇರ್ ಹಾಕಿ, ಕಾಯಿ ತುಂಬಲು ಕಲಾಸಿಪಾಳ್ಯದ ಮಂಡಿಯ ಕಡೆ ತಿರುಗಿಸಿದ.