ಕಲ್ಲಿನಾಮೆಗೆ ತಂತಿಬುಟ್ಟಿ

ನಮ್ಮ ದೊಡ್ಡಮ್ಮ ಅಗಾಥಾ ಉತ್ತರ ಅಮೆರಿಕದ ಮೂಲನಿವಾಸಿಗಳಾದ ಮೋಹಾಕರ ಆಮೆ ಕುಲದವಳು. ನಾನೂ ಅದೇ, ನಮ್ಮಲ್ಲಿ ಕುಲ ತಾಯಿಯ ಕಡೆಯಿಂದ ಬರುತ್ತದೆ. ಅವಳು ಇಗರ್ಜಿಯ ಭಾನುವಾರದ ಪೂಜೆ ತಪ್ಪಿಸಿದವಳಲ್ಲ, ಭೂಮಿ ಆಮೆಯ ಬೆನ್ನ ಮೇಲಿದೆ ಎಂಬ ಮಾತನ್ನು ಬಿಟ್ಟವಳೂ ಅಲ್ಲ. ಎರಡಕ್ಕೂ ಜಗಳವಿದೆಯೆಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಇಗರ್ಜಿಯ ಹಿಂದೆ ನದಿಯ ಕಡೆಗೊಂದು ಮರಳು ದಿಬ್ಬವಿತ್ತು. ಚಿಪ್ಪಿನ ಅಂಚು ಮುರಿದ ಮುದಿ ಆಮೆಯೊಂದು ಪ್ರತಿ ಜೂನಿನಲ್ಲೂ ಅಲ್ಲಿಗೇ ಬಂದು ಮೊಟ್ಟೆಯಿಡುತ್ತಿತ್ತು. ನರಿ ತೋಡದಂತೆ ದೊಡ್ಡಮ್ಮ ಗೂಡಿನ ಮೇಲೆ ತಂತಿಬುಟ್ಟಿ ಕವುಚಿ ಕಲ್ಲು ಹೇರುತ್ತಿದ್ದಳು. ಮಕ್ಕಳಿಲ್ಲದ ಅವಳಿಗೆ ವರ್ಷಕ್ಕೊಮ್ಮೆ ಅದೊಂದು ಬಾಣಂತನ.

ಆ ವರ್ಷ ಫಾದರ್ ಜೆರಾರ್ಡರಿಗೆ ಭೂಮಿಯ ಮೇಲೆ ಪ್ರೀತಿ ಉಕ್ಕಿತು. ಸೃಷ್ಟಿಯ ಹಬ್ಬ ಮಾಡುವುದು, ನೆನಪಿಗೊಂದು ಕಲ್ಲಿನ ಆಮೆ ನಿಲ್ಲಿಸುವುದು, ಅದರ ಬೆನ್ನಿಗೆ ಶಿಲುಬೆ. ಜಾಗ ಅದೇ ದಿಬ್ಬ.

"ಬೇರೆ ಕಡೆ ಇಡಿ ಫಾದರ್. ಅಲ್ಲಿ ಆಮೆ ಮೊಟ್ಟೆ ಇಡುತ್ತೆ," ಎಂದಳು ದೊಡ್ಡಮ್ಮ.

"ಅದಕ್ಕೇ ಅಲ್ವೇನಮ್ಮಾ ಅಲ್ಲಿ ಇಡ್ತಿರೋದು! ನಿಮ್ಮ ಕುಲಕ್ಕೆ ಗೌರವ."

"ಗೌರವ ನೀವೇ ಇಟ್ಕೊಳ್ಳಿ. ಅವಳಿಗೆ ಮರಳು ಬಿಡಿ."

ನಮ್ಮವರಾದರೂ ಅಡ್ಡ ನಿಲ್ಲಬೇಕಿತ್ತು. ಬೇಲಿಯೇ ಎದ್ದು ಹೊಲ ಮೇಯಿತು. "ನದಿ ಉದ್ದಕ್ಕೂ ಮರಳಿದೆಯಲ್ಲೇ, ಎಲ್ಲಾದ್ರೂ ಇಡ್ಲಿ ಬಿಡು," ಎಂದು ನಮ್ಮವನೇ ಆದ ಇಗರ್ಜಿ ಸಮಿತಿಯ ಏಂಗಸ್ ನಕ್ಕ.

"ನಿನ್ನ ಹೆಂಡ್ತಿ ಹೆರಿಗೆಗೂ ಹಿಂಗೇ ಅಂದಿದ್ಯೇನೋ?"

ದಿಬ್ಬವನ್ನು ಸಮಮಾಡಿ ಸಿಮೆಂಟ್ ಹಾಕಿದರು. ಹಬ್ಬದ ದಿನ ಪ್ರಾರ್ಥನೆ ನಡೆಯುತ್ತಿರುವಾಗಲೇ ಮುದಿ ಆಮೆ ಬಂತು. ಕಲ್ಲಿನಾಮೆಯ ಪಕ್ಕದಲ್ಲೇ ಸಿಮೆಂಟನ್ನು ಹಿಂಗಾಲಿನಿಂದ ಕೆರೆಯತೊಡಗಿತು.

"ತನ್ನ ಮೂರ್ತಿ ನೋಡೋಕೆ ಬಂದಿದೆ!" ಎಂದು ಜನ ಫೋನು ಹಿಡಿದು ಮುತ್ತಿದರು. ಫಾದರ್ ಕಣ್ಣೊರೆಸಿಕೊಂಡರು. "ಉಗುರಲ್ಲಿ ರಕ್ತ ಬರ್ತಿದೆ, ಕಣ್ಣಿಲ್ವಾ ನಿಮಗೆ? ದಾರಿ ಬಿಡಿ!" ಎಂದು ದೊಡ್ಡಮ್ಮ ಕಿರುಚಿದ್ದು ಹಾಡಿನಲ್ಲಿ ಮುಚ್ಚಿಹೋಯಿತು. ಗುಂಪನ್ನು ತಳ್ಳಿಕೊಂಡು ಅವಳು ಹೊರಬರುವಷ್ಟರಲ್ಲಿ ಆಮೆ ಇಗರ್ಜಿಯ ಮುಂದಿನ ಹೆದ್ದಾರಿಯ ಆಚೆ ಬದಿಯ ಜಲ್ಲಿಯಲ್ಲಿ ಮೊಟ್ಟೆಯಿಡಲೆಂದು ರಸ್ತೆಗೆ ಇಳಿದಿತ್ತು. ಮೇಲೆ ಹರಿದ ಲಾರಿ ನಿಲ್ಲಲೂ ಇಲ್ಲ. ಒಡೆದ ಮೊಟ್ಟೆಗಳನ್ನು ದೊಡ್ಡಮ್ಮ ಲಂಗದಲ್ಲಿ ಬಾಚಿಕೊಂಡಳು.

ಮುಂದಿನ ಭಾನುವಾರ ಫಾದರ್ ಮೆಲ್ಲಗೆ ಕೇಳಿದರು, "ಅಗಾಥಮ್ಮಾ, ಚಿಪ್ಪು ಉಳಿದಿದೆಯಂತೆ. ನಿಮ್ಮ ಜನ ಹಾಡು-ಕುಣಿತಕ್ಕೆ ಅದರಲ್ಲಿ ಗಿಲಕಿ ಮಾಡ್ತಾರಲ್ಲ, ಪೂಜೆಗೆ ಒಂದು ಮಾಡಿಕೊಡ್ತೀರಾ?"

ದೊಡ್ಡಮ್ಮ ಮನೆಗೆ ಹೋಗಿ ತಂತಿಬುಟ್ಟಿ ತಂದಳು. ಎಲ್ಲರೂ ನೋಡುತ್ತಿದ್ದಂತೆ ಅದನ್ನು ಕಲ್ಲಿನಾಮೆಯ ಮೇಲೆ ಕವುಚಿ, ಎಂದಿನಂತೆ ಸುತ್ತಲೂ ಕಲ್ಲು ಹೇರಿದಳು.

"ತಗೊಳ್ಳಿ ಫಾದರ್. ನಿಮ್ಮದನ್ನಾದ್ರೂ ನರಿ ತಿನ್ನದ ಹಾಗೆ ನೋಡ್ಕೊಳ್ಳಿ."