ಚಿಲಕ ಜಡಿದ ರೇಡಿಯೋ

ಬಾಯಿ ತೆರೆದರೆ ಮುಚ್ಚದ ಹುಡುಗಿ ಅಂತ ಬೀದಿಯವರು ಅವಳನ್ನು ರೇಡಿಯೋ ಅಂತಲೇ ಕರೆಯುತ್ತಿದ್ದರು. ಅಪ್ಪ ಬೀಗ ರಿಪೇರಿಯವನು. ದೊಡ್ಡ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಗೂಡಂಗಡಿಯೇ ಅವರ ಅನ್ನ. ಕಟ್ಟಡ ಮಾಲೀಕನದು, ಗೂಡೂ ಅವನದೇ.

ಅವತ್ತು ಅಪ್ಪನ ಸೊಂಟ ಹಿಡಿದುಕೊಂಡಿತ್ತು. ಮಾಲೀಕ ಬಂದು, "ಮೇಲಿನ ಕೋಣೆ ಖಾಲಿಯಾಗಿದೆ, ಬೀಗದ ಕೈ ಕಳೆದಿದೆ. ತೆಗೆದು ಹೊಸ ಬೀಗ ಹಾಕಮ್ಮ" ಅಂದ. ಹತ್ತೊಂಬತ್ತರ ಹುಡುಗಿ, ಒಬ್ಬಳೇ ಮಾಡುವ ಮೊದಲ ಕೆಲಸ. ಉಬ್ಬಿಹೋದಳು. ಕಡ್ಡಿ ಹಾಕಿ ತಿರುಗಿಸಿದ್ದೇ ತಡ, ಬೀಗ ಬಾಯಿ ಬಿಟ್ಟಿತು.

ಒಳಗೆ ಹಗ್ಗದ ಮೇಲೆ ಒದ್ದೆ ಬಟ್ಟೆ ತೊಟ್ಟಿಕ್ಕುತ್ತಿತ್ತು. ಸ್ಟವ್ ಮೇಲೆ ಮುಚ್ಚಿಟ್ಟ ಅನ್ನ. ಮೂಲೆಯಲ್ಲಿ ಮಗುವಿನ ಚಪ್ಪಲಿ.

"ಖಾಲಿ ಅಂದ್ರಿ?"

"ಆಸ್ಪತ್ರೆ ಆಯಾ ಒಬ್ಬಳಿದ್ದಾಳೆ. ಬಿಡು ಅಂದ್ರೆ ಬಿಡ್ತಿಲ್ಲ. ನಿನ್ನ ಕೆಲಸ ಬೀಗ ತೆಗೆಯೋದು, ಬಾಯಿ ತೆಗೆಯೋದಲ್ಲ." ಸಾಮಾನು ಬೀದಿಗೆ ಹಾಕಿ ಅಂತ ಹಿಂದಿದ್ದ ಕೂಲಿಯವರಿಗೆ ಸನ್ನೆ ಮಾಡಿದ.

ರೇಡಿಯೋ ಯೋಚಿಸಲಿಲ್ಲ. ಯೋಚಿಸಿದ್ದರೆ ಗೂಡಂಗಡಿ ನೆನಪಾಗುತ್ತಿತ್ತು. ಒಳಗೆ ನುಗ್ಗಿ, ಬಾಗಿಲು ದಬ್ಬಿ, ಚಿಲಕ ಜಡಿದಳು. ನೆನಪಾದದ್ದು ಆಮೇಲೆ. ಆಗ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

"ಒದ್ದು ಮುರಿಯೋಣ್ವಾ?" ಕೂಲಿಯವನ ದನಿ.

"ಲೋ, ನನ್ನ ಬಾಗಿಲು ಕಣೋ ಅದು!"

ಮಾಲೀಕ ಅಪ್ಪನನ್ನೇ ಎಬ್ಬಿಸಿ ತಂದ. "ಇವಳು ಈಚೆ ಬರದಿದ್ರೆ ನಾಳೆ ನಿನ್ನ ಅಂಗಡಿ ಇರಲ್ಲ. ತೆಗಿ."

ಅಪ್ಪ ಏದುಸಿರು ಬಿಡುತ್ತಿದ್ದ. "ಲೇ, ಒಳಗೆ ಏನಿದೆಯೇ?"

"ಒದ್ದೆ ಬಟ್ಟೆ ಅಪ್ಪಾ. ಅನ್ನ. ಮಗು ಚಪ್ಪಲಿ."

ಹೊರಗೆ ಅಪ್ಪನ ಸಲಕರಣೆ ಪೆಟ್ಟಿಗೆ ಮುಚ್ಚಿದ ಸದ್ದು. ಆಮೇಲೆ, "ಒಳಗಿನ ಚಿಲಕ ನನ್ನ ಕೈಲಿ ಆಗಲ್ಲ ಸ್ವಾಮಿ."

ಸುಳ್ಳು. ಒಂದು ತುಂಡು ತಂತಿ ಸಾಕಿತ್ತು ಅವನಿಗೆ.

ಸಂಜೆ ಆಯಾ ಮಗುವನ್ನೆತ್ತಿಕೊಂಡು ಬಂದಳು. ಬೀದಿಯೆಲ್ಲ ಸೇರುವ ಹಾಗೆ ಮಾಲೀಕನ ಜನ್ಮ ಜಾಲಾಡಿದಳು. ಜನ ಕಂಡು ಅವನು ಕೂಲಿಯವರೊಂದಿಗೆ ಜಾರಿಕೊಂಡ ಮೇಲೆ ರೇಡಿಯೋ ಚಿಲಕ ತೆಗೆದಳು. ಆಯಾ ಒಳಗೆ ಬಂದು ಪಾತ್ರೆಯ ಮುಚ್ಚಳ ತೆಗೆದಳು.

"ಅನ್ನ ಎಲ್ಲೇ?"

"ಹಸಿವಾಯ್ತಕ್ಕ."

"ಚೆನ್ನಾಗಿ ಕಾದೆ ಬಿಡು!"

ಆಯಾ ಕೋಣೆಯಲ್ಲಿ ಉಳಿದಳು. ಗೂಡಂಗಡಿ ಮರುದಿನವೇ ಹೋಯಿತು. ಅಪ್ಪ ಬಹಳ ದಿನ ಮಗಳ ಜೊತೆ ಮಾತಾಡದೆ ಪೆಟ್ಟಿಗೆ ಹೊತ್ತು ಬೀದಿ ಬೀದಿ ತಿರುಗಿದ. ಸೊಂಟ ಕೈಕೊಟ್ಟಾಗ ಪೆಟ್ಟಿಗೆ ಅವಳ ಹೆಗಲಿಗೆ ಬಂತು. ಆದದ್ದೆಲ್ಲ ಒಳ್ಳೆಯದಕ್ಕೆ ಅಂತ ಅವಳು ಯಾವತ್ತೂ ಅಂದವಳಲ್ಲ.

ಈಗ ಅವಳ ತಲೆಯೂ ನರೆತಿದೆ. ಕರೆದಲ್ಲಿಗೆ ಹೋಗುತ್ತಾಳೆ. ಕಡ್ಡಿ ಹಾಕುವ ಮೊದಲು ಮಾತ್ರ ಬೀಗ ಜಡಿದ ಬಾಗಿಲನ್ನು ದಬದಬ ಬಡಿಯುತ್ತಾಳೆ. ಕರೆದವರು ನಗುತ್ತಾರೆ.

"ಒಳಗೆ ಯಾರಿರ್ತಾರಕ್ಕ?"

"ಯಾರೂ ಇರಲ್ಲ. ಪಕ್ಕದ ಮನೆಯವರು ಇಣುಕ್ತಾರೆ. ಇಲ್ಲಿ ಯಾರು ವಾಸ ಇದ್ದಾರೆ ಅಂತ ಅವರನ್ನ ಒಂದು ಮಾತು ಕೇಳ್ತೀನಿ, ಇರು."