ಪುಟ್ಟ ಕುರ್ಚಿಯ ಅಯಾಮ್ಗಾ

ಕುರ್ಚಿಗೆ ಅಂಟಿಕೊಂಡವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಕುರ್ಚಿಯೇ ಬಂದು ಅಂಟಿಕೊಂಡದ್ದು ಮಾತ್ರ ಅಯಾಮ್ಗಾನಿಗೆ. ಬುರಿಪಾಲ ಹಳ್ಳಿಯ ಶಿಶುವಿಹಾರದ ಚಪ್ಪರದಡಿ ಸಭೆ ಸೇರಿತ್ತು. ಊರಿನ ಮುಖ್ಯಸ್ಥ ನಾ ಜಿಯೆಮ್ ಬಂದರೆಂದು ಅವನು ಗೌರವದಿಂದ ಎದ್ದು ನಿಂತ. ನಾಲ್ಕು ವರ್ಷದ ಮಕ್ಕಳಿಗೆಂದು ಮಾಡಿಸಿದ್ದ ಮರದ ಕುರ್ಚಿಯೂ ಅಷ್ಟೇ ಗೌರವದಿಂದ ಅವನ ಜೊತೆ ಎದ್ದಿತು. ವಂದಿಸಲು ಬಾಗಿದಾಗ ಅದರ ನಾಲ್ಕೂ ಕಾಲು ಹಿಂದೆ ಕೂತ ಹೆಂಗಸರತ್ತ ಚಾಚಿಕೊಂಡವು.

"ಹಿಡೀರಿ ಕಳ್ಳನ್ನ!" ಎಂದು ಕೂಗಿದವಳು ಪರ್ಪೆಟುವಾ. ಊರಿಗೆಲ್ಲ ಜೋಳದ ಬೀರು ಕಾಯಿಸುವವಳು. "ಫ್ರಾಫ್ರಾ ಜನ ಕೈಯಲ್ಲಿ ಕದೀತಾರೆ ಅಂತ ಕೇಳಿದ್ದೆ. ಕುಂಡೀಲೂ ಕದೀತಾರೇನೋ, ನನ್ನ ಗುಲಾಮ?"

"ನಿನ್ನ ಬೀರು ಕುಡಿದೇ ಹೀಗೆ ಊದಿದ್ದು ಕಣೇ, ನನ್ನ ದಾಸಿ. ಬಾಯಿ ಮುಚ್ಚಿ ಎಳಿ!"

ಇಬ್ಬರು ಹೆಂಗಸರು ಕುರ್ಚಿಯನ್ನೂ ಇಬ್ಬರು ಅವನನ್ನೂ ಎಳೆದು ಬೇರ್ಪಡಿಸಿದರು.

ತಪ್ಪು ಅವನದೇ. ಮಕ್ಕಳ ಮಾತು ಕೇಳಬೇಕಾದರೆ ದೊಡ್ಡವರು ಮಕ್ಕಳ ಎತ್ತರಕ್ಕೆ ಇಳಿಯಬೇಕು, ಆದ್ದರಿಂದ ಸಭೆಯಲ್ಲಿ ಎಲ್ಲರೂ ಪುಟ್ಟ ಕುರ್ಚಿಯಲ್ಲೇ ಕೂರತಕ್ಕದ್ದು ಎಂಬ ನಿಯಮ ತಂದವನು ಅವನು. ಹಿರಿಯರು ಲೋಕ ಕಂಡವರು, ತಲೆಯಾಡಿಸಿ ಒಪ್ಪಿ, ಮನೆಯಿಂದ ತಮ್ಮ ತಮ್ಮ ಮಣೆ ತಂದುಕೊಂಡಿದ್ದರು.

ಅಯಾಮ್ಗಾ ಫ್ರಾಫ್ರಾ ಕುಲದವನು, ಬೊಲ್ಗಾ ಪಟ್ಟಣದ ಕಡೆಯ ಬುಟ್ಟಿ ಹೆಣೆಯುವವಳ ಮಗ. ಪೇಟೆಯ ಪುಟ್ಟ ಸಂಸ್ಥೆಯೊಂದರ ಕೆಲಸಕ್ಕೆಂದು ಹಳೆಯ ಮೋಟರ್ ಸೈಕಲ್ ಹತ್ತಿ ಎರಡು ತಿಂಗಳ ಮಟ್ಟಿಗೆ ಬಂದವನು, ಒಂಬತ್ತು ವರ್ಷವಾದರೂ ಹೋಗಿರಲಿಲ್ಲ. ಶನಿವಾರ ಬಂತೆಂದರೆ ಮಕ್ಕಳನ್ನು ಕೂಡಿಸುತ್ತಿದ್ದ. ಅವರು ಬೂದಿಯಲ್ಲಿ ನೆಲದ ಮೇಲೆ ಊರು ಬರೆದು, ಎಲ್ಲೆಲ್ಲಿ ಏನು ಬೇಕೋ ಅಲ್ಲಲ್ಲಿ ಕಲ್ಲಿಡುತ್ತಿದ್ದರು. ಶಾಲೆಗೆ ಬೇಲಿ ಬಂದದ್ದು ಹಾಗೆ, ಶಿಶುವಿಹಾರ ಬಂದದ್ದೂ ಹಾಗೆ. ಊರಿನ ದಗಾರೆ ಭಾಷೆಯನ್ನು ಅವನು ಫ್ರಾಫ್ರಾ ರಾಗದಲ್ಲಿ ಆಡುವುದನ್ನು ಮಕ್ಕಳು ಅವನೆದುರೇ ಅಣಕಿಸುತ್ತಿದ್ದವು. ಸರಿಯಾಗಿ ಅಣಕಿಸಿದವರಿಗೆ ಅವನು ಹುರಿದ ಶೇಂಗಾ ಕೊಡುತ್ತಿದ್ದ.

ಈ ಸಲ ಭಾವೀ ಪ್ರಜೆಗಳು ಬಾವಿ ಕೇಳಿದ್ದರು. ಶಾಲೆಯ ಪಕ್ಕದ ಬೇವಿನ ಮರದಡಿ ಕೆಂಪು ಕಲ್ಲಿಟ್ಟು, "ಇಲ್ಲೇ ಕೊಳವೆಬಾವಿ. ಶಾಲೆ ಬಿಟ್ಟಮೇಲೆ ನೀರು ತುಂಬಿಸ್ಕೊಂಡೇ ಮನೆಗೆ ಹೋಗ್ತೀವಿ. ಆಮೇಲೆ ನೀರಿಗೆ ಅಂತ ಯಾರೂ ಶಾಲೆ ತಪ್ಪಿಸಲ್ಲ," ಎಂದು ಹುಡುಗಿಯರು ಅಪ್ಪಣೆ ಕೊಡಿಸಿದ್ದರು. ಹಿರಿಯರಿಗೆ ಅದು ಮುಖ್ಯಸ್ಥರ ಅಂಗಳದಲ್ಲೇ ಬೇಕು. ಕೊರೆಯುವ ಲಾರಿ ಗುರುವಾರ ಬರಲಿತ್ತು. ಬುಧವಾರ ಸಂಜೆಯೊಳಗೆ ಜಾಗ ತೀರ್ಮಾನವಾಗದಿದ್ದರೆ ಅದು ನೇರ ಪಕ್ಕದ ಊರಿಗೆ.

ಕುರ್ಚಿಯಿಂದ ಬಿಡುಗಡೆಯಾದ ಅಯಾಮ್ಗಾ ಇದನ್ನೇ ಹೇಳಿದ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಪಾಪ, ಅವರಾದರೂ ಏನು ಮಾಡಿಯಾರು? ಊರಿನ ದಗಾಬ ಜನರಿಗೂ ಅವನ ಫ್ರಾಫ್ರಾ ಜನರಿಗೂ ಯಾವ ಕಾಲದಿಂದಲೋ ತಮಾಷೆಯ ನಂಟು. ನಾಯಿಮಾಂಸದ ಊಟದಲ್ಲಿ ತಲೆ ಯಾರ ಪಾಲು ಎಂದು ಶುರುವಾದ ಜಗಳವಂತೆ, ಇನ್ನೂ ಮುಗಿದಿಲ್ಲ. ಒಬ್ಬರನ್ನೊಬ್ಬರು ಗುಲಾಮ ಎನ್ನಬಹುದು, ಕಳ್ಳ ಎನ್ನಬಹುದು, ಹೆಣದ ಮುಂದೆಯೂ ಕೀಟಲೆ ಮಾಡಬಹುದು. ಸಿಟ್ಟಾಗುವಂತಿಲ್ಲ. ಆದ್ದರಿಂದ ಅಯಾಮ್ಗಾ ಒಂಬತ್ತು ವರ್ಷ ಏನು ಬೈದರೂ ನಡೆಯಿತು. ಆದರೆ ನಿಜ ಹೇಳಿದರೆ ಮಾತ್ರ ನಡೆಯುತ್ತಿರಲಿಲ್ಲ.

"ಲಾರಿ ಪಕ್ಕದ ಊರಿಗೆ ಹೋಗುತ್ತಂತೆ!" ಮುಖ್ಯಸ್ಥರು ಕಣ್ಣೊರೆಸಿಕೊಂಡರು. "ನಾಯಿತಲೆ ಬೇಕಾದ್ರೆ ನೇರ ಕೇಳೋ, ಹೆದರಿಸಬೇಡ."

"ದೇವರಾಣೆ, ನಾ ಜಿಯೆಮ್!"

"ಫ್ರಾಫ್ರಾ ಆಣೆ ಬೇರೆ ಹಾಕ್ತಾನೆ, ಕೇಳಿ!"

ಸೋಮವಾರ ಹೇಳಿದ, ನಕ್ಕರು. ಮಂಗಳವಾರ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ. ನಟನೆ ಚೆನ್ನಾಗಿದೆಯೆಂದು ಒಬ್ಬರು ಗಿನಿಕೋಳಿಯ ಮೊಟ್ಟೆ ಬಹುಮಾನ ಕೊಟ್ಟರು. ಬೇವಿನ ಮರದಡಿ ಕೆಂಪು ಕಲ್ಲು ಇಟ್ಟಲ್ಲೇ ಇತ್ತು. ಅದರ ಸುತ್ತ ಹುಡುಗಿಯರು ಕಾವಲು ಕೂತಿದ್ದರು.

ಬುಧವಾರ ಸಂಜೆ ಕೊನೆಯ ಸಭೆ. ಅಯಾಮ್ಗಾ ನಿಂತೇ ಮಾತಾಡಿದ. ಮುಗಿಸಿ, ವಾಡಿಕೆಯಂತೆ ಪರ್ಪೆಟುವಾಳ ಕಡೆ ನೋಡಿದ. ಅವಳು ಬೈಯಬೇಕು, ಊರು ನಗಬೇಕು, ಅದೇ ಕ್ರಮ. ಆದರೆ ಅವಳು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕೆನ್ನೆಗೆ ಕೈಕೊಟ್ಟು ಕೂತಿದ್ದಳು. ನಿಧಾನವಾಗಿ ಎದ್ದು, ನೆಲ ನೋಡುತ್ತ, ಹಲ್ಲುಕಚ್ಚಿ ಹೇಳಿದಳು:

"ಅಯಾಮ್ಗಾ ಅವರು ಹೇಳಿದ್ದು ಸರಿ. ಮಕ್ಕಳು ಕಲ್ಲಿಟ್ಟಲ್ಲೇ ಆಗಲಿ."

ಅಯಾಮ್ಗಾ *ಅವರು*! ಮುಖ್ಯಸ್ಥರ ಕೈಯ ಸೋರೆಬುರುಡೆಯಿಂದ ಬೀರು ಮಡಿಲಿಗೆ ಸುರಿಯಿತು. ಯಾರೋ ಶಿಲುಬೆಯ ಗುರುತು ಹಾಕಿಕೊಂಡರು. ಒಬ್ಬ ಮುದುಕ ಪಕ್ಕದವನನ್ನು "ಯಾರು ಸತ್ತದ್ದು?" ಎಂದು ಪಿಸುದನಿಯಲ್ಲಿ ಕೇಳಿದ. ಪರ್ಪೆಟುವಾಳೇ ತಮಾಷೆ ಬಿಟ್ಟಳೆಂದರೆ ವಿಷಯ ತಮಾಷೆಯದಲ್ಲ. ಐದು ನಿಮಿಷದಲ್ಲಿ ಮಕ್ಕಳ ಜಾಗಕ್ಕೆ ಎಲ್ಲರೂ ಕೈಯೆತ್ತಿದರು. ಮುಖ್ಯಸ್ಥರು ಒದ್ದೆ ಮಡಿಲಲ್ಲೇ ಎದ್ದು ಹೋಗಿ ಕೆಂಪು ಕಲ್ಲನ್ನು ಮುಟ್ಟಿ ಬಂದರು.

ಗುರುವಾರ ಲಾರಿ ಬಂತು. ಶುಕ್ರವಾರ ನೀರೂ ಬಂತು. ಹುಡುಗಿಯರು ಪರಸ್ಪರ ಎರಚಾಡಿ ಅರ್ಧ ಖಾಲಿ ಮಾಡಿದರು. ಆ ಸಂಜೆ ಅಯಾಮ್ಗಾ ಕೃತಜ್ಞತೆ ಹೇಳಲು ಪರ್ಪೆಟುವಾಳ ಮನೆಗೆ ಹೋದ. ಬಾಗಿಲಲ್ಲೇ "ಬಂದ್ಯಾ, ಕುರ್ಚಿಕಳ್ಳ!" ಎಂಬ ಕೂಗು ಕೇಳಿತು. ಒಳಗೆ ಅರ್ಧ ಗಂಟೆ ಇದ್ದ. ಹೊರಬಂದಾಗ ಅವನ ಮುಖ ಸ್ವಲ್ಪ ಸಪ್ಪಗಿತ್ತು.

ತಿಂಗಳು ಕಳೆದು ಸಂಸ್ಥೆಯ ಮುಖ್ಯಸ್ಥೆ ಕ್ಲೊಟಿಲ್ಡಾ ಮೇಡಂ ಬಂದರು. ಬೇವಿನ ನೆರಳು, ಬಾವಿ, ತುಂಬಿದ ತರಗತಿ, ಎಲ್ಲ ನೋಡಿ ಕಣ್ಣು ತುಂಬಿಕೊಂಡರು. ಪುಸ್ತಕ ತೆರೆದು ಪೆನ್ನು ಹಿಡಿದು ಕೂತರು. ಪುಟ್ಟ ಕುರ್ಚಿಯಲ್ಲೇ.

"ಅಯಾಮ್ಗಾ, ಈ ಭಾಗದಲ್ಲಿ ಹಿರಿಯರು ಮಕ್ಕಳ ತೀರ್ಮಾನ ಒಪ್ಪಿದ್ದು ಇದೇ ಮೊದಲು. ಅವರ ಮನಸ್ಸು ತಿರುಗಿಸಿದ್ದು ಏನು? ಒಂದೇ ಮಾತಲ್ಲಿ ಹೇಳಿ. ಉಳಿದ ಹದಿನಾಲ್ಕು ಹಳ್ಳಿಗೂ ಅದನ್ನೇ ಒಯ್ಯೋಣ."

ಅಯಾಮ್ಗಾ ತಲೆ ಕೆರೆದುಕೊಂಡ.

"ಹಲ್ಲುನೋವು, ಮೇಡಂ."